ತಿರುಗಿ ನೋಡಬಾರದು

ಮರದ ಮಿಲ್ಲಿನ ಮುಂದಿನ ಓಣಿಯಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಪೊಲೀಸಿನವನೊಬ್ಬನ ದವಡೆ ಮುರಿಯಿತು. ಮುರಿದದ್ದು ಕೆಳಗೆ ಬಿದ್ದಿದ್ದ ದಿಮ್ಮಿಗೆ ಬಡಿದು. ಕೆಡವಿದವನು ಮಿಲ್ಲಿನ ಯಜಮಾನನ ಮಗ. ಇಷ್ಟರ ಮಟ್ಟಿಗೆ ಯಾರ ತಕರಾರೂ ಇರಲಿಲ್ಲ. ತಕರಾರೆಲ್ಲ ಅದಕ್ಕೆ ಒಂದು ಕ್ಷಣ ಮುಂಚೆ ಆದದ್ದರ ಬಗ್ಗೆ.

ದಿಮ್ಮಿ ತುಂಬಿದ ಲಾರಿ ಓಣಿಗೆ ಅಡ್ಡ ನಿಂತಿತ್ತು. ಹಿಂದೆ ಹತ್ತು ಹದಿನೈದು ಗಾಡಿಗಳು ಹಾರ್ನು ಬಾರಿಸುತ್ತಿದ್ದವು. ಪೊಲೀಸಿನವನು ಬಂದು ಲಾರಿ ತೆಗಿ ಅಂದ. ಇಳಿಸಿದ ಮೇಲೆ ತೆಗೀತೀನಿ ಅಂದ ಮಗ. ಈಗಲೇ ತೆಗಿ ಅಂದ ಪೊಲೀಸಿನವನು. ಅರ್ಧ ಕಟ್ಟು ಬಿಚ್ಚಿದ ಲಾರಿ ಓಡಿಸಿದರೆ ದಿಮ್ಮಿ ನಿನ್ನ ತಲೆ ಮೇಲೆ ಉರುಳುತ್ತೆ, ಪರವಾಗಿಲ್ವಾ ಅಂದ ಮಗ. ಹಾಗಾದ್ರೆ ನಡಿ ಸ್ಟೇಷನ್ನಿಗೆ, ಅಲ್ಲಿ ಬಾಯಿ ಬಿಡುವಂತೆ ಅಂದ ಪೊಲೀಸಿನವನು. ಮಗ ಬೆನ್ನು ತಿರುಗಿಸಿ ಲಾರಿಯ ಕಡೆ ನಡೆದ. ಪೊಲೀಸಿನವನು ಎರಡು ಹೆಜ್ಜೆ ಹಾಕಿ ಹಿಂದಿನಿಂದ ಅವನ ಕಾಲರ್ ಹಿಡಿದ.

ಮಗ ಇಡೀ ಮೈಯನ್ನು ಹಿಂದಕ್ಕೆ ಎಸೆದ. ತೊಂಬತ್ತು ಕಿಲೋ ಮೈ, ಎರಡೂ ಮೊಣಕೈ ಹೊರಗೆ. ಪೊಲೀಸಿನವನು ಅಡಿಯಲ್ಲಿ ಸಿಕ್ಕಿಕೊಂಡ. ಬೀಳುವಾಗ ಅವನ ಮುಖ ಪಕ್ಕಕ್ಕೆ ಹೊರಳಿ ದಿಮ್ಮಿಯ ಅಂಚಿಗೆ ಬಡಿಯಿತು, ಎರಡು ಪಕ್ಕೆಲುಬು ಮೊಣಕೈಗೆ ಸಿಕ್ಕಿ ಮುರಿದವು. ಮರದ ಪುಡಿಯಲ್ಲಿ ಎರಡು ಹಲ್ಲು ಬಿದ್ದಿದ್ದವು. ಲಾರಿಯ ಡ್ರೈವರ್ ಅವನ್ನು ಹೆಕ್ಕಿ ಕರ್ಚೀಫಿನಲ್ಲಿ ಕಟ್ಟಿ ಆಂಬುಲೆನ್ಸಿನವರ ಕೈಗೆ ಕೊಟ್ಟ. ಆಮೇಲೆ ಆರು ಜನ ಪೊಲೀಸರು ಬಂದರು. ಅವರು ಮಾತಾಡುವುದಕ್ಕೆ ಬಂದವರಲ್ಲ. ಮಗನನ್ನು ದಿಮ್ಮಿಯ ಮೇಲೆಯೇ ಬೋರಲು ಮಲಗಿಸಿ ತೊಡೆಯ ಹಿಂಭಾಗ ಕಪ್ಪಾಗುವವರೆಗೆ ಹೊಡೆದು ಜೀಪಿಗೆ ಹಾಕಿಕೊಂಡರು.

ಮಗನ ಹೆಂಡತಿ ಲಾರಿಯ ಮುಂದೆ ಹಗ್ಗ ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖ ಗಂಡನ ಕಡೆಗೇ ಇತ್ತು. ಆದದ್ದನ್ನು ಎದುರಿನಿಂದ ಕಂಡವಳು ಅವಳೊಬ್ಬಳೇ.

ಕೇಸಿನ ಹೆಸರು ಉದ್ದವಾಗಿತ್ತು: ಕರ್ತವ್ಯದಲ್ಲಿದ್ದ ಅಧಿಕಾರಿಯನ್ನು ಬಲಪ್ರಯೋಗದಿಂದ ತಡೆದು ಗಾಯಗೊಳಿಸಿದ್ದು. ಮನೆಯಲ್ಲಿ ಅದನ್ನು "ಆ ಲಾರಿ ವಿಷಯ" ಎನ್ನುತ್ತಿದ್ದರು.

*

ಮನೆಯ ಹಿರಿಯನಾದ ಮಿಲ್ಲಿನ ಮುದುಕ ಯಜಮಾನನನ್ನು ಓಣಿಯವರು ಕರೆಯುತ್ತಿದ್ದದ್ದು ಏಳು ಬೆರಳು ಎಂದು. ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿದ್ದವು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನ ತೋಳಿನ ಬಟ್ಟೆ ಗರಗಸಕ್ಕೆ ಸಿಕ್ಕಿತು. ಹಿಂದೆ ನಿಂತಿದ್ದ ಜೊತೆಗಾರ ಹಿಡಿದು ಎಳೆಯುವ ಬದಲು ಹೆಸರು ಹಿಡಿದು ಕೂಗಿದ. ಇವನು ಏನು ಎಂದು ತಿರುಗಿ ನೋಡಿದ. ನೋಡಿ ಮುಗಿಯುವಷ್ಟರಲ್ಲಿ ಮೂರು ಬೆರಳು ಪುಡಿಯ ಜೊತೆ ಪುಡಿಯಾಗಿದ್ದವು.

ಅಂದಿನಿಂದ ಅವನ ಮಿಲ್ಲಿನಲ್ಲಿ ಒಂದು ನಿಯಮ. ಗರಗಸದ ಮುಂದೆ ಒಬ್ಬ ನಿಂತರೆ ಹಿಂದೆ ಇನ್ನೊಬ್ಬರು ನಿಲ್ಲಲೇಬೇಕು. ಅವರಿಗೆ ಹಿಂದಾಳು ಎಂದು ಹೆಸರು. ಬಟ್ಟೆಯೋ ಕೂದಲೋ ಸಿಕ್ಕಿತೆಂದು ಕಂಡರೆ ಹಿಂದಾಳು ಕೂಗುವಂತಿಲ್ಲ, ಹಿಡಿಯಬೇಕು. ಹಿಡಿಸಿಕೊಂಡವರು ಯಾರು, ಯಾಕೆ ಎಂದು ತಿರುಗಿ ನೋಡುವಂತಿಲ್ಲ. ಇಡೀ ಭಾರ ಹಿಂದಕ್ಕೆ ಹಾಕಿ ಇಬ್ಬರೂ ಬೀಳಬೇಕು. ಕೈ ಸಿಕ್ಕದಂತೆ ಗರಗಸದ ಮೇಲೆ ಹಾಕಿದ್ದ ಕಬ್ಬಿಣದ ಜಾಲರಿಯನ್ನು, ದಪ್ಪ ದಿಮ್ಮಿ ನುಗ್ಗಿಸುವುದಕ್ಕೆ ಅಡ್ಡ ಎಂದು, ಎಂದೋ ಬಿಚ್ಚಿ ಶೆಡ್ಡಿನ ಮೂಲೆಗೆ ಎಸೆದಿದ್ದರು. ನಿಯಮ ಇದೆಯಲ್ಲ ಎಂಬ ಧೈರ್ಯ.

ಮಗ ಐದು ವರ್ಷದವನಿದ್ದಾಗಲೇ ಮುದುಕ ಅವನಿಗೆ ಇದನ್ನು ಕಲಿಸಿದ್ದ. ಊಟಕ್ಕೆ ಕೂತಾಗ, ಬಟ್ಟೆ ಹಾಕಿಕೊಳ್ಳುವಾಗ, ಯಾವಾಗೆಂದರೆ ಆವಾಗ ಹಿಂದಿನಿಂದ ಅಂಗಿ ಹಿಡಿಯುತ್ತಿದ್ದ. ಬೀಳದೆ ತಿರುಗಿ ನೋಡಿದರೆ ಕೆನ್ನೆಗೆ ಒಂದು ಬೀಳುತ್ತಿತ್ತು. ಮೊಮ್ಮಗಳಿಗೂ ಕಲಿಸಿದ, ಅವಳಿಗೆ ಹೊಡೆಯದೆ. ಸೊಸೆಗೆ ಅವಳ ಗಂಡನೇ ಕಲಿಸಿದ. ಹೊಡೆಯದೆ ಎಂದು ಹೇಳುವಂತಿಲ್ಲ.

ಮಗ ಜಾಮೀನಿನ ಮೇಲೆ ಬಂದ ಮರುದಿನ ಎಲ್ಲರೂ ವಕೀಲೆಯ ಆಫೀಸಿಗೆ ಹೋದರು. ದಪ್ಪ ಕನ್ನಡಕದ ಆ ಹೆಂಗಸು ಫೈಲು ಓದಿ, "ಕೆಡವಿದ್ದು ನಿಜ ತಾನೆ?" ಅಂದಳು.

"ಕಾಲರ್ ಹಿಡಿದ್ರೆ ಇನ್ನೇನು ಮಾಡ್ಲಿ?" ಅಂದ ಮಗ.

"ಹಿಡಿದದ್ದು ಪೊಲೀಸ್ ಅಂತ ಗೊತ್ತಿತ್ತಾ?"

ಮಗ ಬಾಯಿ ತೆರೆಯುವ ಮೊದಲೇ ಮುದುಕ ಹೇಳಿದ: "ಹೇಗೆ ಗೊತ್ತಾಗುತ್ತಮ್ಮ? ನಮ್ಮನೇಲಿ ಯಾರೂ ತಿರುಗಿ ನೋಡಲ್ಲ."

ಎಡಗೈ ಮೇಜಿನ ಮೇಲಿಟ್ಟು ಮುದುಕ ನಿಯಮ ವಿವರಿಸಿದ. ವಕೀಲೆ ಪೆನ್ನು ಕೆಳಗಿಟ್ಟಳು. ನಂಬಿಕೆ ಬರದೆ, ಮಗನನ್ನು ಎಬ್ಬಿಸಿ ನಿಲ್ಲಿಸಿ, ಹಿಂದಿನಿಂದ ಹಿಡಿ ಎಂದು ತನ್ನ ಗುಮಾಸ್ತನಿಗೆ ಸನ್ನೆ ಮಾಡಿದಳು. ಬಡಪಾಯಿ ಗುಮಾಸ್ತ ಅಂಗಿಯ ಚುಂಗು ಹಿಡಿದನೋ ಇಲ್ಲವೋ, ಮಗ ಅವನನ್ನೂ ಕುರ್ಚಿಯನ್ನೂ ಕೂಡಿಸಿ ನೆಲಕ್ಕೆ ಹಾಕಿದ. ಕುರ್ಚಿಯ ಕಾಲು ಮುರಿಯಿತು. ಗುಮಾಸ್ತ ಸೊಂಟ ಹಿಡಿದುಕೊಂಡು, "ಸಾಕು ಮೇಡಂ, ನಂಬಿದೆ" ಅಂದ.

"ಬೇಕಂತ ತಡೆದಿದ್ರೆ ಅಪರಾಧ," ವಕೀಲೆ ಅಂದಳು. "ಯಾರು ಅಂತ ಗೊತ್ತಿಲ್ದೆ, ಅಭ್ಯಾಸದಿಂದ ಬಿದ್ದಿದ್ರೆ ಅದು ಬೇರೆ. ಯಜಮಾನ್ರೇ, ಸಾಕ್ಷಿ ನೀವೇ ಹೇಳ್ಬೇಕು."

ಮುದುಕನ ಎದೆ ಉಬ್ಬಿತು. ನಲವತ್ತೈದು ವರ್ಷ ಯಾರೂ ಕೇಳದಿದ್ದ ನಿಯಮವನ್ನು ಈಗ ನ್ಯಾಯಾಧೀಶರೇ ಕೇಳಲಿದ್ದರು.

*

ಮುಂದಿನ ಮೂರು ವಾರ ಮನೆಯಲ್ಲಿ ನೆಟ್ಟಗೆ ನಡೆಯುವುದೇ ಕಷ್ಟವಾಯಿತು. ಸರ್ಕಾರಿ ವಕೀಲರು ಕೋರ್ಟಿನಲ್ಲೇ ಪರೀಕ್ಷೆ ಮಾಡಿದರೂ ಮಾಡಬಹುದು, ಅಭ್ಯಾಸ ತಪ್ಪಬಾರದು ಎಂದು ಮುದುಕ ಹೊತ್ತಿಗೆ ಹತ್ತು ಸಲ ಮಗನನ್ನು ಹಿಂದಿನಿಂದ ಹಿಡಿಯುತ್ತಿದ್ದ. ಮಗ ಬೀಳುತ್ತಿದ್ದ. ಒಲೆಯ ಮೇಲಿನ ಟೀ ಪಾತ್ರೆ ಒಮ್ಮೆ ಬಿತ್ತು, ನೀರಿನ ಮಡಕೆ ಒಮ್ಮೆ ಒಡೆಯಿತು.

"ಸಾಕ್ಷಿ ಹೇಳೋವರೆಗೂ ಮನೆ ಉಳಿಯುತ್ತೋ ಇಲ್ವೋ," ಎಂದಳು ಮುದುಕನ ಹೆಂಡತಿ, ಚೂರು ಗುಡಿಸುತ್ತ.

"ಮಗ ಉಳೀಲಿ ಮೊದಲು," ಎಂದ ಮುದುಕ.

ಸೊಸೆ ಗಂಡನ ತೊಡೆಯ ಪೆಟ್ಟಿಗೆ ಎರಡು ಹೊತ್ತು ಬಿಸಿ ಬಟ್ಟೆ ಇಡುತ್ತಿದ್ದಳು. ಬಟ್ಟೆ ಬಿಸಿ ಹೆಚ್ಚಾದರೆ ಅವಳ ಮಣಿಕಟ್ಟು ತಿರುಚುತ್ತಿದ್ದ, ತಣ್ಣಗಾದರೆ ಬಟ್ಟೆ ತೆಗೆದು ಮುಖಕ್ಕೆ ಎಸೆಯುತ್ತಿದ್ದ. ಅವನು ಕೈ ಮಾಡುತ್ತಿದ್ದದ್ದು ಹೊಸತೇನಲ್ಲ. ಹಿಂದೆ ತಿಂಗಳಿಗೊಮ್ಮೆ ಇದ್ದದ್ದು ಈಗ ದಿನಕ್ಕೊಮ್ಮೆ ಆಗಿತ್ತು ಅಷ್ಟೆ. ಮುದುಕಿ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುವಳು. ಮುದುಕ ರೇಡಿಯೋದ ಕಿವಿ ತಿರುಚುವನು. ಮನೆಯಲ್ಲಿ ಇದಕ್ಕೂ ಒಂದು ನಿಯಮವಿದ್ದಂತಿತ್ತು, ಯಾರೂ ಬಾಯಿಬಿಟ್ಟು ಹೇಳದ್ದು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಬೇಳೆ, ಮೊಟ್ಟೆ. ಹದಿಮೂರರ ಮೊಮ್ಮಗಳು ತಟ್ಟೆಯಲ್ಲಿ ಬೆರಳಾಡಿಸುತ್ತ, "ಆ ಪೊಲೀಸ್ ಅಂಕಲ್ ಮಗಳು ನಮ್ಮ ಕ್ಲಾಸೇ," ಎಂದಳು. "ಅವರಪ್ಪಂಗೆ ಬಾಯಿಗೆ ತಂತಿ ಹಾಕಿದಾರಂತೆ. ಕೊಳವೆಯಲ್ಲಿ ಗಂಜಿ ಹೀರ್ತಾರಂತೆ."

ಮಗ ನಕ್ಕ. ಅನ್ನದ ಅಗುಳು ಮೇಜಿನ ಮೇಲೆ ಹಾರಿತು. "ಹೀರ್ಲಿ. ಮಗುವಾಗಿ ಇನ್ನೊಂದ್ಸಲ ಬೆಳೀಲಿ."

"ನಗಬೇಡ ಅಪ್ಪ. ಅವಳು ಅತ್ತಳು."

"ಏನಂದೆ?"

"ನಗಬೇಡ ಅಂದೆ. ನೀನೇ ತಾನೆ ಮಾಡಿದ್ದು."

ಮಗ ಎದ್ದ ರಭಸಕ್ಕೆ ಬೆಂಚು ಉರುಳಿತು. ಮಗಳ ಜಡೆ ಹಿಡಿದು ಎಳೆದು ನಿಲ್ಲಿಸಿ ಒಂದು ಬಾರಿಸಿದ. ತುಟಿ ಒಡೆಯಿತು. ಎರಡನೆಯದಕ್ಕೆ ಕೈ ಎತ್ತಿದಾಗ ಸೊಸೆ ಎಂಜಲುಗೈಯಲ್ಲೇ ಓಡಿಬಂದು ಹಿಂದಿನಿಂದ ಅವನ ಕಾಲರ್ ಹಿಡಿದಳು. ಎರಡೂ ಕೈಯಲ್ಲಿ, ಹಿಂದಾಳು ಹಿಡಿಯುವಂತೆ, ಗಟ್ಟಿಯಾಗಿ.

ಮಗ ಬೀಳಲಿಲ್ಲ.

ಎತ್ತಿದ ಕೈ ಹಾಗೆಯೇ ನಿಂತಿತು. ಅವನು ಕತ್ತು ತಿರುಗಿಸಿದ. ಹಿಡಿದದ್ದು ಯಾರು ಎಂದು ನೋಡಿದ. ನೋಡಿಕೊಂಡು, ಗುರಿ ಹಿಡಿದು, ಅಂಗೈಯಿಂದ ಹೆಂಡತಿಯ ಎಡಗಿವಿಯ ಮೇಲೆ ಬೀಸಿದ. ಅವಳು ಗೋಡೆಗೆ ಬಡಿದು ಕುಸಿದಳು. ಬಿದ್ದವಳನ್ನು ಎರಡು ಸಲ ಒದ್ದ. ಮೊಮ್ಮಗಳು ಕಿರುಚುತ್ತಿದ್ದಳು. ಮುದುಕಿ ಮಗನ ಕಾಲು ಹಿಡಿದುಕೊಂಡು, "ಸಾಕು ಬಿಡೋ, ಸತ್ತೋಗ್ತಾಳೆ" ಎಂದಳು. ಅವನು ತಾಯಿಯನ್ನೂ ಕೊಡವಿ ಹೊರಗೆ ಹೋದ.

ಮುದುಕ ಎದ್ದಿರಲಿಲ್ಲ. ತುತ್ತು ಅವನ ಕೈಯಲ್ಲೇ ಇತ್ತು. ಸೊಸೆಯ ಕಿವಿಯಿಂದ ರಕ್ತ ಕತ್ತಿಗಿಳಿಯುತ್ತಿತ್ತು. ಅವನು ಕಂಡದ್ದು ಮಾತ್ರ ಬೇರೆಯೇ. ಮಗ ನೋಡಿದ್ದ. ಕೆನ್ನೆಗೆ ಬಿಗಿದು, ಬಿಗಿದು, ಎಲುಬಿನೊಳಗೆ ಇಳಿಸಿದ್ದೇನೆ ಎಂದುಕೊಂಡಿದ್ದ ನಿಯಮ ಅಲ್ಲಿರಲಿಲ್ಲ. ಹೊಡೆತ ಮಾತ್ರ ಇಳಿದಿತ್ತು.

*

ಕಿವಿಯ ಪರದೆ ಹರಿದಿದೆ ಎಂದರು ಡಾಕ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಮಾವ ಸೊಸೆ ಪಕ್ಕಪಕ್ಕ ಕೂತಿದ್ದರು. ಮುದುಕ ಎಡಗಡೆಯಿಂದ ಏನೋ ಕೇಳಿದ. ಅವಳಿಗೆ ಕೇಳಿಸಲಿಲ್ಲ. ಎದ್ದು ಬಲಗಡೆ ಬಂದು ಕೂತ.

"ಅವತ್ತು ಲಾರಿ ಹತ್ರ ನೀನು ಎದುರಿಗಿದ್ದೆ."

ಅವಳು ಕೈಯಲ್ಲಿದ್ದ ಚೀಟಿ ಮಡಚಿದಳು.

"ಅವನು ನೋಡಿದ್ನಾ?"

"ನನ್ನನ್ನ ಕೇಳ್ಬೇಡಿ ಮಾವ."

"ಕೇಳ್ತಿದೀನಿ."

"ನಾನು ಆ ಮನೆಗೇ ವಾಪಸ್ ಹೋಗ್ಬೇಕು. ಕೇಳ್ಬೇಡಿ."

ಉತ್ತರ ಅದರಲ್ಲೇ ಇತ್ತು.

ಮನೆಯಲ್ಲಿ ಆ ಮೇಲೆ ಅವನು ಮಗನನ್ನು ಹಿಂದಿನಿಂದ ಹಿಡಿಯುವುದನ್ನು ನಿಲ್ಲಿಸಿದ. ಮುದುಕಿಗೆ ಮೊದಲು ಗೊತ್ತಾಯಿತು. ನಲವತ್ತು ವರ್ಷ ಬೇಯಿಸಿ ಹಾಕಿದವಳಿಗೆ ಗಂಡ ಯಾವಾಗ ಅರ್ಧ ಊಟಕ್ಕೆ ಏಳುತ್ತಾನೆ, ಯಾಕೆ ಏಳುತ್ತಾನೆ ಎಂಬುದು ಬಾಯಿಪಾಠ.

"ಏನು ಯೋಚನೆ ಮಾಡ್ತಿದೀರಿ?"

"ಏನಿಲ್ಲ."

"ನೋಡಿ, ಹೆಂಡ್ತಿಗೆ ಹೊಡೆಯೋದು ಬೇರೆ, ಕೋರ್ಟು ಬೇರೆ. ಎರಡನ್ನೂ ಕಲಸಬೇಡಿ. ನೀವೇನು ನನ್ನ ಮುಟ್ಟೇ ಇಲ್ವಾ?"

ಮುದುಕ ತಟ್ಟೆ ನೋಡುತ್ತ ಕೂತ. ಮುಟ್ಟಿದ್ದ. ಮುದುಕಿಯ ಬಲಗೈಯ ಕಿರುಬೆರಳು ಇಂದಿಗೂ ಸೊಟ್ಟಗಿತ್ತು.

"ನಾನು ಯಾರ ಹತ್ರಾನೂ ಹೇಳಿಲ್ಲ," ಎಂದಳು ಮುದುಕಿ. "ಮನೆ ನಿಂತಿದ್ದು ಹಾಗೆ."

ವಿಚಾರಣೆಯ ಹಿಂದಿನ ದಿನ ಸಂಜೆ ಮಗ ಮಿಲ್ಲಿಗೆ ಬಂದ. ಮುದುಕ ಒಬ್ಬನೇ ಗರಗಸದ ಹಲ್ಲುಗಳನ್ನು ಚೂಪು ಮಾಡಲು ಅರ ತಿಕ್ಕುತ್ತಿದ್ದ. ಮಗ ಅಪ್ಪನ ಎಡಗೈ ಹಿಡಿದು ನಿಧಾನವಾಗಿ ಗರಗಸದ ಅಲಗಿನ ಮೇಲಿಟ್ಟ. ಅದರ ಮೇಲೆ ತನ್ನ ಅಂಗೈ ಇಟ್ಟು ಒತ್ತಿದ. ಮೋಟಾರು ನಿಂತಿತ್ತು. ಆದರೂ ಹಲ್ಲು ಚರ್ಮಕ್ಕೆ ಇಳಿಯಿತು.

"ನಿಯಮ ಹೇಳಿ ಬಾ ಅಪ್ಪ. ಬೇರೆ ಏನಾದ್ರೂ ಬಾಯಿಂದ ಬಂದ್ರೆ ಓಣಿಯವರು ನಿನಗೆ ಹೊಸ ಹೆಸರು ಹುಡುಕ್ಬೇಕಾಗುತ್ತೆ."

"ಕೈ ತೆಗಿ."

"ಏಳರಿಂದ ಕೆಳಗೆ ಎಷ್ಟು ಬೇಕಾದ್ರೂ ಇದೆ."

ಮಗ ಕೈ ತೆಗೆದು ಹೋದ. ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಚುಕ್ಕಿ ರಕ್ತ. ಮುದುಕ ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಉಳಿದ ಹಲ್ಲುಗಳಿಗೆ ಅರ ತಿಕ್ಕಿ ಮುಗಿಸಿದ. ಅವನಿಗೆ ಭಯವಾಗಿತ್ತು. ತಾನು ಬೆಳೆಸಿದ ಕೈಗೆ ತಾನೇ ಹೆದರಿದ್ದು ಅದೇ ಮೊದಲು.

*

ಕೋರ್ಟಿನಲ್ಲಿ ಪೊಲೀಸಿನವನು ಮುಂದಿನ ಸಾಲಿನಲ್ಲಿದ್ದ. ಯೂನಿಫಾರ್ಮ್ ಸಡಿಲವಾಗಿತ್ತು. ಹಲ್ಲು ಬಿಗಿಹಿಡಿದಂತೆ ಮಾತಾಡಿ ತನ್ನ ಹೇಳಿಕೆ ಕೊಟ್ಟ: ಹಿಡಿದ ಕೂಡಲೇ ಆರೋಪಿ ತಿರುಗಿ ನನ್ನನ್ನು ನೋಡಿದ, ಆಮೇಲೆ ಕೆಡವಿದ. ಸುಳ್ಳು ಎಂದು ಮಗ ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಮುದುಕ ಕಟಕಟೆ ಹತ್ತಿದ. ವಕೀಲೆ ಕೇಳಿದಂತೆಲ್ಲ ನಿಯಮ ಹೇಳಿದ. ಮೂರು ಬೆರಳು ಹೋದ ಕಥೆ ಹೇಳುವಾಗ ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಮುದುಕಿ ಬೆಂಚಿನ ಮೇಲೆ ಉಸಿರು ಬಿಟ್ಟಳು. ವಕೀಲೆ ಸಮಾಧಾನದಿಂದ ಕೂತಳು.

ಸರ್ಕಾರಿ ವಕೀಲರು ಸಣ್ಣಗಿನ ಮನುಷ್ಯ. ಎದ್ದು, "ಒಳ್ಳೆ ನಿಯಮ," ಎಂದರು. "ನಿಮ್ಮ ಮಗ ಒಮ್ಮೆಯೂ ತಪ್ಪಿಲ್ವಾ?"

"ಮಿಲ್ಲಲ್ಲಿ ತಪ್ಪಿಲ್ಲ."

"ಹೊರಗೆ?"

ಮುದುಕ ತಲೆಯೆತ್ತಿ ನೋಡಿದ. ಮಗ ಎದುರಿಗೇ ನಿಂತಿದ್ದ. ಸೊಸೆ ಹಿಂದಿನ ಸಾಲಿನಲ್ಲಿ, ಕೇಳಿಸುವ ಕಿವಿಯನ್ನು ಇತ್ತ ಮಾಡಿ, ತಲೆ ಓರೆ ಮಾಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮೊಮ್ಮಗಳು. ಅವಳ ತುಟಿಯ ಗಾಯ ಇನ್ನೂ ಹಕ್ಕಳೆ ಕಟ್ಟಿತ್ತು.

"ಯಜಮಾನ್ರೇ, ಪ್ರಶ್ನೆ ಕೇಳಿಸ್ತಾ?"

"ಕೇಳಿಸ್ತು." ಮುದುಕ ಎಡಗೈಯನ್ನು ಕಟಕಟೆಯ ಅಂಚಿನ ಮೇಲಿಟ್ಟ. "ಹನ್ನೆರಡು ದಿನದ ಹಿಂದೆ, ಭಾನುವಾರ, ಅವನ ಹೆಂಡ್ತಿ ಹಿಂದಿನಿಂದ ಹಿಡಿದಳು. ಕಾಲರ್‌ನೇ ಹಿಡಿದಳು. ಅವನು ಬೀಳ್ಲಿಲ್ಲ. ತಿರುಗಿ ನೋಡ್ದ. ಯಾರು ಅಂತ ನೋಡ್ಕೊಂಡು ಹೊಡೆದ."

ವಕೀಲೆ ಎದ್ದು ನಿಂತಳು. ನ್ಯಾಯಾಧೀಶರು ಕೈ ತೋರಿಸಿ ಕೂರಿಸಿದರು.

"ಆಕೆ ಇಲ್ಲೇ ಇದಾಳೆ. ಎಡಗಿವಿ ಕೇಳಿಸಲ್ಲ ಈಗ. ನಿಯಮ ಸುಳ್ಳಲ್ಲ ಸ್ವಾಮಿ. ನಿಯಮ ನಾನು ಸರಿಯಾಗೇ ಕಲಿಸಿದೆ. ಹೊಡೆದು ಕಲಿಸಿದೆ. ಅವನು ಕಲ್ತದ್ದು ಯಾವುದು ಅಂತ ನನಗೆ ಅವತ್ತು ಗೊತ್ತಾಯ್ತು."

ಮಗ ಆರೋಪಿಯ ಕಟಕಟೆ ಹಾರಿ ಬಂದ. ಅವನ ಕೈ ಅಪ್ಪನ ಕೊರಳಿಗೆ ಬೀಳುವ ಹೊತ್ತಿಗೆ ಇಬ್ಬರು ಪೊಲೀಸರು ಹಿಂದಿನಿಂದ ಅವನ ಅಂಗಿ ಹಿಡಿದರು. ಇಡೀ ಕೋರ್ಟು ಕಾದು ನೋಡಿತು. ಮಗ ಕತ್ತು ತಿರುಗಿಸಿ ಇಬ್ಬರನ್ನೂ ನೋಡಿದ. ಎಡಗಡೆಯವನ ಮೂಗಿಗೆ ತಲೆಯಿಂದ ಗುದ್ದಿದ. ಆಮೇಲೆ ನಾಲ್ವರು ಸೇರಿ ಅವನನ್ನು ನೆಲಕ್ಕೆ ಒತ್ತಿಹಿಡಿದರು. ಬಿದ್ದ ಕಡೆಯಿಂದ ಅವನು, "ಅಪ್ಪ ಅಲ್ಲ ನೀನು" ಎಂದು ಕೂಗುತ್ತಿದ್ದ. ಸರ್ಕಾರಿ ವಕೀಲರಿಗೆ ಇನ್ನೇನೂ ಕೇಳುವ ಅಗತ್ಯ ಬೀಳಲಿಲ್ಲ.

ಮಗನಿಗೆ ಮೂರು ವರ್ಷ ಶಿಕ್ಷೆ ಆಯಿತು.

*

ತೀರ್ಪಿನ ದಿನ ಮುದುಕಿ ಒಲೆ ಹಚ್ಚಲಿಲ್ಲ. ಮುದುಕ ನೀರು ಕೇಳಿದ್ದಕ್ಕೆ ತಾಮ್ರದ ಚೊಂಬನ್ನೇ ಬೀಸಿ ಹೊಡೆದಳು. ಅದು ಅವನ ಹುಬ್ಬಿಗೆ ತಾಗಿ ಸೀಳಿತು.

"ಹೆತ್ತವಳು ನಾನು. ನನ್ನ ಬೆರಳು ಮುರಿದಾಗ ಯಾವ ಕೋರ್ಟಿಗೆ ಹೋಗಿದ್ರಿ?"

ಮುದುಕ ರಕ್ತ ಒರೆಸಿಕೊಳ್ಳಲಿಲ್ಲ. "ಹೋಗಿರ್ಬೇಕಿತ್ತು," ಎಂದ.

ಆ ಮಾತಿಗೆ ಮುದುಕಿ ಎರಡನೆಯ ಪಾತ್ರೆ ಎತ್ತಿಕೊಂಡವಳು ಹಾಗೆಯೇ ನಿಂತಳು. ಆಮೇಲೆ ಅದನ್ನು ಒಲೆಯ ಪಕ್ಕದಲ್ಲಿಟ್ಟು, ನೆಲದ ಮೇಲೆ ಕೂತು ಜೋರಾಗಿ ಅತ್ತಳು. ಮಗನಿಗಾಗಿ ಅತ್ತಳೋ ಬೆರಳಿಗಾಗಿ ಅತ್ತಳೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ದಿನದ ಅಡಿಗೆಯನ್ನು ಮೊಮ್ಮಗಳು ಮಾಡಿದಳು. ಅನ್ನ ಹಸಿಯಾಗಿತ್ತು, ಎಲ್ಲರೂ ತಿಂದರು.

ಒಂದು ವಾರ ಮಿಲ್ಲು ಮುಚ್ಚಿತ್ತು. ಓಣಿಯವರು ಮುದುಕನ ಜೊತೆ ಮಾತು ಬಿಟ್ಟಿದ್ದರು. ಸೋಮವಾರ ಬೆಳಿಗ್ಗೆ ಸೊಸೆ ಸೆರಗು ಬಿಗಿದು ಕಟ್ಟಿ, ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಾಗಿಲು ತೆಗೆದಳು.

"ಗರಗಸಕ್ಕೆ ಯಾರು?" ಎಂದ ಮುದುಕ.

"ನಾನೇ. ಹತ್ತು ವರ್ಷ ಹಿಂದಾಳಾಗಿ ನಿಂತು ನೋಡಿದೀನಿ. ಮುಂದೆ ನಿಲ್ಲೋಕೆ ಬರಲ್ವಾ?"

"ಬರುತ್ತೆ." ಮುದುಕ ಅವಳ ಹಿಂದೆ ಹೋಗಿ ನಿಂತ. "ನಿಯಮ ಗೊತ್ತಲ್ಲ. ನಾನು ಹಿಡಿದ್ರೆ ತಿರುಗಿ ನೋಡ್ಬೇಡ. ಬಿದ್ದುಬಿಡು."

ಅವಳು ದಿಮ್ಮಿಯ ಮೇಲೆ ಕೈಯಿಟ್ಟಳು. ಸ್ವಿಚ್ ಹಾಕಲಿಲ್ಲ.

"ಅದೊಂದು ನನ್ನಿಂದ ಆಗಲ್ಲ ಮಾವ."

"ಯಾಕೆ?"

"ಹಿಂದಿನಿಂದ ಯಾರು ಮುಟ್ಟಿದ್ರೂ ನಾನು ನೋಡ್ತೀನಿ. ಬೀಳೋ ಪೆಟ್ಟು ಮುಖಕ್ಕಾ, ಹೊಟ್ಟೆಗಾ ಅಂತ ನೋಡ್ಕೊಬೇಕಲ್ಲ. ಹತ್ತು ವರ್ಷದ ಅಭ್ಯಾಸ. ಈಗ ಬಿಡು ಅಂದ್ರೆ ಬಿಡಲ್ಲ."

ಅವಳು ಇದನ್ನು ಅಳುತ್ತ ಹೇಳಲಿಲ್ಲ. ಬೆಲ್ಟ್ ಸಡಿಲವಾಗಿದೆ ಎಂದು ಹೇಳುವಂತೆ ಹೇಳಿದಳು. ಮುದುಕನಿಗೆ ಹುಬ್ಬಿನ ಗಾಯಕ್ಕಿಂತ ಇದು ಆಳಕ್ಕೆ ಇಳಿಯಿತು. ನಲವತ್ತೈದು ವರ್ಷದ ನಿಯಮವನ್ನು ಅವನು ಅಲ್ಲಿಯೇ, ಗರಗಸದ ಮುಂದೆಯೇ, ಕೈಬಿಟ್ಟ.

ಶೆಡ್ಡಿನ ಮೂಲೆಗೆ ಹೋಗಿ ಹಳೆ ಗೋಣಿ, ಒಡೆದ ಬುಟ್ಟಿ, ಸೈಕಲ್ ಟೈರುಗಳನ್ನು ಎಳೆದು ಹಾಕಿದ. ಅಡಿಯಲ್ಲಿ ಕಬ್ಬಿಣದ ಜಾಲರಿ ತುಕ್ಕು ಹಿಡಿದು ಬಿದ್ದಿತ್ತು. ಎರಡು ಬೆರಳಿನ ಕೈಯಲ್ಲಿ ಎತ್ತಲು ಹೋಗಿ ಕಾಲಿನ ಮೇಲೆ ಹಾಕಿಕೊಂಡ. ಸೊಸೆ ಬಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ತಂದು ಗರಗಸದ ಮೇಲೆ ಕೂರಿಸಿದರು. ನಾಲ್ಕು ಬೋಲ್ಟುಗಳಲ್ಲಿ ಮೂರು ಸಿಕ್ಕವು. ನಾಲ್ಕನೆಯದಕ್ಕೆ ಮುದುಕ ತಂತಿ ಬಿಗಿದ.

"ಇನ್ಮೇಲೆ ಕೆಲಸ ನಿಧಾನ ಆಗುತ್ತೆ," ಎಂದ.

ಎಡಗಡೆಯಿಂದ ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಮುದುಕ ಗರಗಸ ಸುತ್ತಿಕೊಂಡು, ಅವಳ ಬಲಗಡೆಗೆ, ಅವಳಿಗೆ ಕಾಣುವಂತೆ ಬಂದು ನಿಂತು ಅದನ್ನೇ ಮತ್ತೆ ಹೇಳಿದ.

"ಆಗ್ಲಿ ಮಾವ," ಎಂದು ಅವಳು ಸ್ವಿಚ್ ಹಾಕಿದಳು.